ಬಿಪಿ ಮೆಷಿನ್, ದಸರಾ ರೈಲು ಮತ್ತು ಹನ್ನೆರಡು ಸೆಲ್ಲು: ಒಂದು ಮನೆಯ ಪ್ರಕರಣ

2024ರ ವಿಜಯದಶಮಿ ಕಳೆದು ನಾಲ್ಕನೇ ದಿನ, ಬೆಳಗ್ಗೆ ಏಳು ಗಂಟೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಾಲಿನಲ್ಲಿ ಮಾವ ತೋಳಿಗೆ ಪಟ್ಟಿ ಸುತ್ತಿಕೊಂಡು ಬಿಪಿ ಮೆಷಿನ್ನಿನ ಗುಂಡಿ ಒತ್ತಿದರು. ಗುರ್ ಎಂದು ಗಾಳಿ ತುಂಬತೊಡಗಿತು. 90, 110, 130. ನೂರ ನಲವತ್ತರ ಹತ್ತಿರ ಬಂದಾಗ ಮೋಟರಿನ ಸದ್ದು ಕುಗ್ಗಿತು. ಪರದೆ ಖಾಲಿ. ಪಟ್ಟಿಯಲ್ಲಿದ್ದ ಗಾಳಿ ಉಸ್ಸೆಂದು ಹೊರಗೆ ಬಂತು.

“ಏನಮ್ಮಾ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ದೆ ಅಲ್ವಾ?”

ಹಾಕಿದ್ದೆ. ಹಸಿರು ದೀಪ ಬಂದ ಮೇಲೆಯೇ ತೆಗೆದದ್ದು. ಮತ್ತೊಮ್ಮೆ ಚಾರ್ಜ್ ಮಾಡಿ ಕೊಟ್ಟೆ. ಮಾರನೇ ದಿನವೂ ಅದೇ ಕಥೆ, ಈ ಸಲ 120ಕ್ಕೇ ನಿಂತಿತು. ಡಾಕ್ಟರು ಎರಡು ವಾರ ದಿನಕ್ಕೆರಡು ಸಲ ಬಿಪಿ ನೋಡಿ ಬರೆದಿಡಿ ಎಂದಿದ್ದರು. ಮಾವ ಚಪ್ಪಲಿ ಮೆಟ್ಟಿಕೊಂಡು ಮೂಲೆ ಅಂಗಡಿಗೆ ಹೋಗಿ ನಾಲ್ಕು ಆಲ್ಕಲೈನ್ ಸೆಲ್ (ಚಾರ್ಜ್ ಮಾಡದೆ, ಬಳಸಿ ಎಸೆಯುವಂಥವು) ತಂದು ಹಾಕಿದರು. ಮೆಷಿನ್ ಒಂದೇ ಸಲಕ್ಕೆ ಓಡಿತು. ತೀರ್ಪು ಅಲ್ಲೇ ಹೊರಬಿತ್ತು. “ಈ ಚಾರ್ಜಿಂಗ್ ಸೆಲ್ಲಿನ ಸಹವಾಸವೇ ಬೇಡ. ಎಂಟು ವರ್ಷ ಆಯ್ತು. ಎಲ್ಲಾ ಎಸೆದುಬಿಡು.”

ನಾನು ಎಸೆಯಲಿಲ್ಲ. ದಸರೆಗೆ ಮುಂಚೆ ಇದೇ ಸೆಲ್ಲುಗಳಲ್ಲಿ ಇದೇ ಮೆಷಿನ್ ಓಡುತ್ತಿತ್ತು. ಎಂಟು ವರ್ಷ ದುಡಿದ ಸೆಲ್ಲುಗಳೆಲ್ಲ ಒಂದೇ ಹಬ್ಬಕ್ಕೆ ಒಟ್ಟಿಗೆ ಮುದುಕಾಗುತ್ತವಾ?

ಮನೆಯಲ್ಲಿ ಏನೇನಿತ್ತು

ಮೊದಲು ಒಂದು ಮಾತು. ನಮ್ಮ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ಅತ್ತೆ ಈಗಲೂ ಶೆಲ್ಲು ಅನ್ನುತ್ತಾರೆ. ಹಾಗಾಗಿ ಇಲ್ಲೂ ಸೆಲ್ಲು ಅಂತಲೇ ಬರೆಯುತ್ತೇನೆ. ಹೇಳುತ್ತಿರುವುದು ಎಎ ಅಳತೆಯ ಪೆನ್ಸಿಲ್ ಸೆಲ್ಲಿನ ವಿಷಯ.

ಒಟ್ಟು ಹನ್ನೆರಡು ಇದ್ದವು, ಎಲ್ಲವೂ ನಿಕಲ್ ಮೆಟಲ್ ಹೈಡ್ರೈಡ್, ಅಂದರೆ ಮತ್ತೆಮತ್ತೆ ಚಾರ್ಜ್ ಮಾಡುವ ಜಾತಿ. ಎಂಟು ಬಿಳಿಯವು, 2016ರಲ್ಲಿ ನನ್ನ ಗಂಡ ಕ್ಯಾಮೆರಾ ಫ್ಲಾಶಿಗೆಂದು ತಂದವು, ಸಾಮರ್ಥ್ಯ 2000 ಎಂಎಎಚ್ (ಮಿಲಿ ಆಂಪಿಯರ್ ಅವರ್). ಅಂದರೆ ಅರ್ಧ ಆಂಪಿಯರಿನಂತೆ ಎಳೆದರೆ ಲೆಕ್ಕಕ್ಕೆ ನಾಲ್ಕು ಗಂಟೆ ಬರಬೇಕು. ಉಳಿದ ನಾಲ್ಕು ಹಸಿರಿನವು, 2021ರಲ್ಲಿ ಶಿವರಾಂಪೇಟೆಯ ಒಂದು ಅಂಗಡಿಯಲ್ಲಿ ಕೊಂಡದ್ದು. “ಮೇಡಂ, ಎಂಎಎಚ್ ಜಾಸ್ತಿ ಇರೋದೇ ತಗೊಳ್ಳಿ, ಜಾಸ್ತಿ ಬರುತ್ತೆ” ಎಂದು ಅಂಗಡಿಯವರು ಕೈಗಿಟ್ಟರು. ಮೇಲೆ 2700 ಎಂದಿತ್ತು. ನನಗೂ ಸರಿ ಅನ್ನಿಸಿತ್ತು.

ಎಂಟು ಬಿಳಿಯವುಗಳಲ್ಲಿ ನಾಲ್ಕು ಬಿಪಿ ಮೆಷಿನ್ನಿಗೆ, ಎರಡು ಟಾರ್ಚಿಗೆ, ಎರಡು ದಸರಾ ಗೊಂಬೆ ಸಾಲಿನ ಆಟದ ರೈಲಿಗೆ. ಹಸಿರಿನಲ್ಲಿ ಮೂರು ಗೊಂಬೆ ಮೆಟ್ಟಿಲಿಗೆ ಸುತ್ತುವ ಸಣ್ಣ ದೀಪದ ಸರಕ್ಕೆ, ಒಂದು ನನ್ನ ಕಂಪ್ಯೂಟರ್ ಮೌಸಿಗೆ. ಇದು ಹಬ್ಬಕ್ಕೆ ಮುಂಚಿನ ವ್ಯವಸ್ಥೆ. ಹಬ್ಬ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ದಿನ ಹನ್ನೆರಡನ್ನೂ ಒಂದು ಸ್ಟೀಲ್ ಬಟ್ಟಲಿಗೆ ಸುರಿದೆ. ಕೈಗೆ ಸಿಕ್ಕಿದ ನಾಲ್ಕನ್ನು ಚಾರ್ಜ್ ಮಾಡಿ ಬಿಪಿ ಮೆಷಿನ್ನಿಗೆ ಹಾಕಿದೆ. ಪ್ರಕರಣ ಶುರುವಾದದ್ದು ಆ ಬಟ್ಟಲಿನಲ್ಲಿ. ಆಗ ಅದು ನನಗೆ ಹೊಳೆಯಲಿಲ್ಲ.

ಒಂದು ದಾಖಲೆ ಮಾತ್ರ ನಮ್ಮಲ್ಲಿತ್ತು. ಮಾವ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು, ಏನನ್ನೂ ಬರೆಯದೆ ಬಿಡುವ ಅಭ್ಯಾಸ ಇಲ್ಲ. ಒಂಟಿಕೊಪ್ಪಲ್ ಪಂಚಾಂಗದ ಪಕ್ಕದಲ್ಲಿ ಅವರ ಒಂದು ನೋಟ್‌ಬುಕ್ ಸದಾ ಇರುತ್ತದೆ. ಬಿಪಿ ಅಂಕಿಗಳ ನಡುವೆ ಅಲ್ಲಲ್ಲಿ ‘ಸೆಲ್ ಚಾರ್ಜ್’ ಎಂದು ಬರೆದಿದ್ದರು. ಎಣಿಸಿದೆ. 2018ರಿಂದ ವರ್ಷಕ್ಕೆ ಎಂಟೊಂಬತ್ತು ಸಲ, ಒಟ್ಟು 55ರ ಆಸುಪಾಸು. ಈ ಜಾತಿಯ ಒಳ್ಳೆಯ ಸೆಲ್ಲುಗಳಿಗೆ ತಯಾರಕರು ಹೇಳುವುದು ಸಾವಿರಕ್ಕೂ ಮೇಲಿನ ಲೆಕ್ಕ. ಎನೆಲೂಪ್ ಎಂಬ ಬ್ರ್ಯಾಂಡಿನ ಸಾಮಾನ್ಯ ಮಾದರಿಗೆ 2100 ಸಲ ಎಂದು ಹೇಳಿಕೊಂಡಿದ್ದಾರೆ. ಪ್ರಯೋಗಶಾಲೆಯ ಲೆಕ್ಕ ಮನೆಗೆ ಹಾಗ್ಹಾಗೇ ಹೊಂದುವುದಿಲ್ಲ, ಒಪ್ಪಿದೆ. ಆದರೂ 55 ಎಲ್ಲಿ, 2100 ಎಲ್ಲಿ? ಚಾರ್ಜ್ ಮಾಡಿ ಮಾಡಿ ಸವೆದವು ಎನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು.

ಮಲ್ಟಿಮೀಟರ್ ಹೇಳಿದ ಅರ್ಧ ನಿಜ

ಮಾವನ ಮಲ್ಟಿಮೀಟರ್ ತಂದು, ಬಿಪಿ ಮೆಷಿನ್ನಿನಿಂದ ತೆಗೆದ ಆ ನಾಲ್ಕು ಚಾರ್ಜಿಂಗ್ ಸೆಲ್ಲುಗಳನ್ನೂ ಅಳೆದೆವು. 1.33, 1.34, 1.31, 1.32 ವೋಲ್ಟ್. ಎಲ್ಲಾ ಸರಿಯಾಗೇ ಇವೆಯಲ್ಲ! ಮಾವನಿಗೆ ಸಮಾಧಾನ ಆಗಲಿಲ್ಲ, ನನಗೆ ತಲೆ ಕೆಟ್ಟಿತು.

ಚಾರ್ಜಿಂಗ್ ಸೆಲ್ಲಿನ ಹೆಸರಿಗೆ ಹೇಳುವ ವೋಲ್ಟೇಜ್ 1.2. ಸಾಮಾನ್ಯ ಸೆಲ್ಲಿನದು 1.5. ಇದನ್ನು ನೋಡಿ ಚಾರ್ಜಿಂಗ್ ಸೆಲ್ಲಿಗೆ ಶಕ್ತಿ ಕಮ್ಮಿ ಎನ್ನುವವರು ಬಹಳ. ಆಲ್ಕಲೈನ್ ಸೆಲ್ 1.5ರಲ್ಲಿ ಶುರುವಾಗಿ ಮೆಲ್ಲಮೆಲ್ಲನೆ ಇಳಿಯುತ್ತಾ ಹೋಗುತ್ತದೆ, ಅರ್ಧ ದಾರಿಗೆ ಬರುವಷ್ಟರಲ್ಲಿ ಅದೂ 1.2ರ ಸುತ್ತಲೇ ಇರುತ್ತದೆ. ನಿಕಲ್ ಸೆಲ್ 1.2ರಲ್ಲೇ ಬಹಳ ಹೊತ್ತು ನಿಂತು ಕೊನೆಯಲ್ಲಿ ಧೊಪ್ಪೆಂದು ಬೀಳುತ್ತದೆ. ನಮ್ಮ ಮೆಷಿನ್ನಿನ ಪುಸ್ತಕದಲ್ಲೂ ಆಲ್ಕಲೈನ್ ಹಾಕಿ ಎಂದೇ ಇದೆ. ಆದರೂ ಆರು ವರ್ಷ ಬಿಳಿ ಸೆಲ್ಲುಗಳಲ್ಲೇ ಓಡಿತಲ್ಲ.

ಮಲ್ಟಿಮೀಟರ್ ನೋಡುವುದು ಸೆಲ್ಲು ಸುಮ್ನೆ ಕೂತಿರುವಾಗಿನ ವೋಲ್ಟೇಜು. ಮೇಲಿನ ಟ್ಯಾಂಕ್ ತುಂಬಿದ್ದು, ಪೈಪಿನೊಳಗೆ ಪಾಚಿ ಕಟ್ಟಿದ್ದರೆ ಏನಾಗುತ್ತದೆ? ನಲ್ಲಿ ಮುಚ್ಚಿರುವ ತನಕ ಒತ್ತಡ ಸರಿಯಾಗೇ ಇರುತ್ತದೆ. ತಿರುಗಿಸಿದರೆ ದಾರದಷ್ಟು ನೀರು. ಸೆಲ್ಲಿನ ಒಳಗಿನ ಈ ಅಡ್ಡಿಗೆ ಆಂತರಿಕ ಪ್ರತಿರೋಧ ಎನ್ನುತ್ತಾರೆ. ಮೌಸಿನಂಥದಕ್ಕೆ ಇದು ಗೊತ್ತೇ ಆಗುವುದಿಲ್ಲ. ಬಿಪಿ ಮೆಷಿನ್ನಿನೊಳಗೆ ಗಾಳಿ ತುಂಬುವ ಮೋಟರ್ ಇದೆ, ಅದು ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಪಟ್ಟಿ ಬಿಗಿಯಾದಷ್ಟೂ ಮೋಟರಿಗೆ ಕಷ್ಟ. ಅದಕ್ಕೇ 140ರ ಹತ್ತಿರ ಉಸಿರು ನಿಂತದ್ದು.

ಒಂದೊಂದನ್ನೇ ಕೂರಿಸಿ ಕೇಳಿದ್ದು

ಸೆಲ್ಲು ಕೂರಲು ನಾಲ್ಕು ಮನೆಗಳಿರುವ, ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಒಂದು ಚಾರ್ಜರ್ ಆನ್‌ಲೈನಿನಲ್ಲಿ ತರಿಸಿದೆ. 2,400 ರೂಪಾಯಿ. ಬೆಲೆಯನ್ನು ಮನೆಯಲ್ಲಿ ಮೊದಲ ವಾರ ಹೇಳಲಿಲ್ಲ. ಅದರಲ್ಲಿ ಪರೀಕ್ಷೆಯ ಗುಂಡಿಯೊಂದಿದೆ. ಒತ್ತಿದರೆ ಸೆಲ್ಲನ್ನು ಪೂರ್ತಿ ತುಂಬಿಸಿ, 0.9 ವೋಲ್ಟಿಗೆ ಇಳಿಯುವ ತನಕ ಖಾಲಿ ಮಾಡಿ, ಎಷ್ಟು ಎಂಎಎಚ್ ಹೊರಗೆ ಬಂತೆಂದು ಎಣಿಸಿ, ಮತ್ತೆ ತುಂಬಿಸುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ. ಹನ್ನೆರಡು ಸೆಲ್ಲಿಗೆ ಮೂರು ದಿನ.

ಹಾಕುವ ಮೊದಲು ಮಾರ್ಕರಿನಲ್ಲಿ 1ರಿಂದ 12ರವರೆಗೆ ನಂಬರ್ ಬರೆದೆ. ಇಡೀ ಪ್ರಕರಣದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಕೆಲಸ ಇದೇ. ಬರೆಯುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರಡು ಬಿಳಿ ಸೆಲ್ಲುಗಳ ಮೇಲ್ತುದಿಯ ಪ್ಲಾಸ್ಟಿಕ್ ಅಂಚಿನಲ್ಲಿ ಕೆಂಪು ಗೆರೆ. ತುಕ್ಕು ಅಂದುಕೊಂಡು ಉಗುರಿನಲ್ಲಿ ಕೆರೆದೆ. ಬೆರಳಿಗೆ ಹತ್ತಿತು. ಕುಂಕುಮ! ಆಯುಧಪೂಜೆಯ ದಿನ ಅತ್ತೆ ಮಿಕ್ಸಿ, ಸ್ಕೂಟರ್, ಹೊಲಿಗೆ ಮೆಷಿನ್ ಜೊತೆಗೆ ಆಟದ ರೈಲಿಗೂ ಕುಂಕುಮ ಇಟ್ಟಿದ್ದರು. ಸಂಜೆ ಅದೇ ಕೈಯಲ್ಲಿ ಅದರ ಸೆಲ್ಲು ಬದಲಿಸಿದ್ದರು. ಅಂದರೆ ಇವೆರಡು ರೈಲಿನವು. ಇವಕ್ಕೆ 7, 8 ಎಂದು ನಂಬರ್ ಕೊಟ್ಟೆ. ಬಿಪಿ ಮೆಷಿನ್ನಿನಿಂದ ಹೊರತೆಗೆದ ನಾಲ್ಕರಲ್ಲಿ ಎರಡು ಇವೇ.

ಫಲಿತಾಂಶ ಹೀಗಿತ್ತು. 1ರಿಂದ 5ರವರೆಗಿನ ಬಿಳಿ ಸೆಲ್ಲುಗಳು 1690ರಿಂದ 1840ರ ನಡುವೆ ಕೊಟ್ಟವು. ಎಂಟು ವರ್ಷದ ಸೆಲ್ಲುಗಳು ಇವು, ನನಗೇ ನಂಬಲಾಗಲಿಲ್ಲ. 6ನೆಯದು ಮೊದಲ ಸುತ್ತಿನಲ್ಲಿ 1320. ಅದು ಟಾರ್ಚಿನಲ್ಲಿ ತಿಂಗಳುಗಟ್ಟಲೆ ಸುಮ್ನೆ ಬಿದ್ದಿದ್ದದ್ದು. ಮೂರು ಸಲ ತುಂಬಿಸಿ ಖಾಲಿ ಮಾಡಿದ ಮೇಲೆ 1700ಕ್ಕೆ ಬಂತು. ಸೋಮಾರಿಯಾಗಿತ್ತು ಅಷ್ಟೇ. 7 ಕೊಟ್ಟದ್ದು 1040, ಎಷ್ಟು ಸುತ್ತು ಹಾಕಿದರೂ ಅಲ್ಲೇ. 8ನೆಯದನ್ನು ಚಾರ್ಜರ್ ಗುರುತೇ ಹಿಡಿಯಲಿಲ್ಲ. ಹತ್ತು ದಿನದ ಹಿಂದೆ 1.31 ತೋರಿಸಿದ್ದ ಸೆಲ್ಲು ಈಗ ಸೊನ್ನೆ.

ಹಸಿರಿನಲ್ಲಿ 9 ಕೊಟ್ಟದ್ದು 1410, 10 ಕೊಟ್ಟದ್ದು 1180. ಮೌಸಿನದಾಗಿದ್ದ 11ನೆಯದು ಬರೀ 560. 12 ಮಾತ್ರ 1900 ಕೊಟ್ಟು ಎಲ್ಲರಿಗಿಂತ ಮೇಲೆ ನಿಂತಿತು. ಮಾವ ಅದಕ್ಕೆ ‘ರ‍್ಯಾಂಕ್ ಸ್ಟೂಡೆಂಟ್’ ಎಂದು ಹೆಸರಿಟ್ಟರು. ಬಿಪಿ ಮೆಷಿನ್ನಿಗೆ ಅಂದು ಬಿದ್ದಿದ್ದ ನಾಲ್ಕು ಯಾವುವು ಗೊತ್ತಾ? 7, 8, 10, 11. ಕಣ್ಣು ಮುಚ್ಚಿ ಆರಿಸಿದ್ದರೂ ಇಷ್ಟು ಕೆಟ್ಟದಾಗಿ ಆರಿಸಲು ಆಗುತ್ತಿರಲಿಲ್ಲ.

ಚಾರ್ಜರ್ ಪ್ರತಿರೋಧವನ್ನೂ ತೋರಿಸುತ್ತದೆ. ಆ ಅಂಕಿ ಅಷ್ಟೊಂದು ಕರಾರುವಾಕ್ಕಲ್ಲ, ಸೆಲ್ಲು ಸ್ವಲ್ಪ ಅಲುಗಾಡಿಸಿದರೂ ಬದಲಾಗುತ್ತದೆ. ಆದರೂ ಒಳ್ಳೆಯ ಬಿಳಿಯವು 50 ಮಿಲಿ ಓಮಿನ ಸುತ್ತ, 11ನೆಯದು 380 ಎಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಮೋಟರ್ ಅರ್ಧ ಆಂಪಿಯರ್ ಎಳೆದರೆ 11ನೆಯದರೊಳಗೇ 0.19 ವೋಲ್ಟ್ ಸೋರಿಹೋಗುತ್ತದೆ. ಒಳ್ಳೆಯದರಲ್ಲಿ ಹೋಗುವುದು 0.025.

ನಾಲ್ಕನೇ ದಿನಕ್ಕೆ ಪರೀಕ್ಷೆ ಮುಗಿಯಿತೆಂದು ಬಿಟ್ಟಿದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆ. ಎಲ್ಲವನ್ನೂ ಪೂರ್ತಿ ಚಾರ್ಜ್ ಮಾಡಿ ಒಂದು ತಿಂಗಳು ಡ್ರಾಯರಿನಲ್ಲಿಟ್ಟು ಮತ್ತೆ ಖಾಲಿ ಮಾಡಿ ನೋಡಿದೆ. 1ರಿಂದ 5ರವರೆಗಿನ ಬಿಳಿಯವು ತಲಾ ನೂರು ಎಂಎಎಚ್ ಆಸುಪಾಸು ಕಳೆದುಕೊಂಡಿದ್ದವು, ಅಷ್ಟೇ. ರ‍್ಯಾಂಕ್ ಸ್ಟೂಡೆಂಟಿನಲ್ಲಿ ಉಳಿದಿದ್ದದ್ದು 310! ಬಳಸದೆಯೇ ಚಾರ್ಜ್ ಒಳಗೊಳಗೇ ಸೋರಿಹೋಗಿತ್ತು.

ನಿಕಲ್ ಸೆಲ್ಲುಗಳಿಗೆ ಈ ಸೋರುವ ಚಾಳಿ ಹುಟ್ಟಿನಿಂದಲೇ ಇತ್ತು. ಹಳೆಯ ಮಾದರಿಗಳು ತಿಂಗಳಿಗೆ ಕಾಲು ಭಾಗದವರೆಗೂ ಕಳೆದುಕೊಳ್ಳುತ್ತಿದ್ದವು. 2005ರಲ್ಲಿ ಸ್ಯಾನ್ಯೊ ಕಂಪನಿ ಜಪಾನಿನಲ್ಲಿ ಎನೆಲೂಪ್ ತಂದ ಮೇಲೆ ಚಿತ್ರ ಬದಲಾಯಿತು. ಚಾರ್ಜ್ ಮಾಡಿ ಒಂದು ವರ್ಷ ಇಟ್ಟರೂ ಬಹುಪಾಲು ಉಳಿಯುವ ಜಾತಿ ಅದು. ಆಮೇಲೆ ಬೇರೆಯವರೂ ಅದೇ ಬಗೆಯದನ್ನು ಮಾಡಿದರು. ಆದರೆ ಅದೇ ಗಾತ್ರದ ಡಬ್ಬಿಯಲ್ಲಿ 2500, 2700 ತುಂಬಬೇಕೆಂದರೆ ಒಳಗಿನ ಪದರಗಳನ್ನು ತೆಳುವಾಗಿಸಿ ಒತ್ತಿ ಸುತ್ತಬೇಕು. ಅದರ ಬೆಲೆ ಬಾಳಿಕೆಯಲ್ಲಿ ತೆರಬೇಕಾಗುತ್ತದೆ. ಎನೆಲೂಪ್‌ನದೇ ಹೆಚ್ಚು ಸಾಮರ್ಥ್ಯದ ‘ಪ್ರೊ’ ಮಾದರಿಗೆ ತಯಾರಕರು ಹೇಳುವುದು 500 ಸಲ, ಸಾಮಾನ್ಯದ್ದಕ್ಕೆ ಹೇಳುವುದರ ಕಾಲು ಭಾಗಕ್ಕಿಂತ ಕಮ್ಮಿ. ಮನೆ ಬಳಕೆಗೆ 2000ದ್ದೇ ಲೇಸು ಎನ್ನುವುದು ನನ್ನ ಈಗಿನ ಅಭಿಪ್ರಾಯ. ಶಿವರಾಂಪೇಟೆಯಲ್ಲಿ ಕೇಳಿದ ಮಾತಿಗೆ ಪೂರ್ತಿ ತಿರುಗುಮುರುಗು.

ರೈಲು ಮಾಡಿದ್ದು

7 ಮತ್ತು 8ಕ್ಕೆ ಏನಾಯಿತು? ಅಕ್ಟೋಬರ್ 3ರಿಂದ 12ರವರೆಗೆ ದಿನಾ ಸಂಜೆ ಗೊಂಬೆ ನೋಡಲು ಬೀದಿಯ ಮಕ್ಕಳೆಲ್ಲ ಬರುತ್ತಿದ್ದರು. ಅವರಿಗೆ ಪಟ್ಟದ ಗೊಂಬೆಯೂ ಬೇಡ, ಚರ್ಪೂ (ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ) ಆಮೇಲೆ. ರೈಲು ಬೇಕು. ಗೊಂಬೆ ಸಾಲಿನ ಪಾರ್ಕಿನ ಸುತ್ತ ಅದು ಓಡುತ್ತಲೇ ಇತ್ತು. ಅದಾಗಿ ನಿಲ್ಲುವ ತನಕ ಯಾರೂ ಸ್ವಿಚ್ ಆರಿಸುತ್ತಿರಲಿಲ್ಲ. ನಿಂತ ಮೇಲೂ ಸ್ವಿಚ್ ಆನ್ ಆಗಿಯೇ ಇರುತ್ತಿತ್ತು.

ಎರಡು ಸೆಲ್ಲು ಸಾಲಾಗಿ ಕೂತಾಗ ಅವು ಜೋಡಿ ಎತ್ತು ಇದ್ದ ಹಾಗೆ. ಎಷ್ಟೇ ಒಂದೇ ಥರ ಕಂಡರೂ ಒಂದು ಸ್ವಲ್ಪ ಬಡಕಲು. ಅದು ಮೊದಲು ಖಾಲಿಯಾಗುತ್ತದೆ. ಆದರೆ ಇನ್ನೊಂದರಲ್ಲಿ ಇನ್ನೂ ಕಸುವಿದೆ, ಅದು ಎಳೆಯುತ್ತಲೇ ಇರುತ್ತದೆ. ಆ ಕರೆಂಟು ಖಾಲಿ ಸೆಲ್ಲಿನ ಮೂಲಕವೇ ಹಾದುಹೋಗಬೇಕು. ಹಾದು ಹಾದು ಅದರ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತದೆ. ಬಿದ್ದ ಎತ್ತನ್ನು ನೊಗದಿಂದ ಬಿಚ್ಚದೆ ಗಾಡಿ ಎಳೆದ ಹಾಗೆ. ಒಂದೆರಡು ಸಲ ಹೀಗಾದರೆ ತಡೆದುಕೊಳ್ಳಬಹುದು. ಹತ್ತು ದಿನವೂ ಆದರೆ? 8ನೆಯದು ಸತ್ತದ್ದು ಹೀಗೆ ಎಂದು ನನ್ನ ನಂಬಿಕೆ. ಹಳೆಯ ಚಾರ್ಜರಿನಲ್ಲಿ ಹತ್ತು ನಿಮಿಷ ಇಟ್ಟು ಅದನ್ನು ಎಬ್ಬಿಸಿದೆ ಕೂಡಾ. ಹೊಸ ಚಾರ್ಜರ್ ಆಗ ಗುರುತು ಹಿಡಿಯಿತು, ತುಂಬಿಸಿತು. ವಾರದೊಳಗೆ ಮತ್ತೆ ಸೊನ್ನೆ. (ಈ ಎಬ್ಬಿಸುವ ಆಟ ಲಿಥಿಯಂ ಸೆಲ್ಲಿನ ಜೊತೆ ಬೇಡವೇ ಬೇಡ. ಬೆಂಕಿ ಹತ್ತುತ್ತದೆ.)

ಮೂರು ಸೆಲ್ಲಿನ ದೀಪ, ಎರಡರ ಚಾರ್ಜರ್

11ನೆಯದರ ಕಥೆ ಇನ್ನೂ ಸ್ವಾರಸ್ಯ. ಮೌಸಿನಲ್ಲಿದ್ದ ಸೆಲ್ಲಿಗೆ ಕೆಲಸವೇ ಕಮ್ಮಿ. ಅದು ಎಲ್ಲಕ್ಕಿಂತ ಚೆನ್ನಾಗಿರಬೇಕಿತ್ತು. ಉತ್ತರ ಹಳೆಯ ಚಾರ್ಜರಿನ ಬೆನ್ನ ಮೇಲಿತ್ತು. ಸಣ್ಣ ಅಕ್ಷರದಲ್ಲಿ ‘ಔಟ್‌ಪುಟ್ 2.8 ವೋಲ್ಟ್, 500 ಮಿಲಿ ಆಂಪಿಯರ್’. ಒಂದು ಸೆಲ್ಲಿಗೆ 2.8 ಬೇಕಿಲ್ಲ. ಅದು ಎರಡು ಸೆಲ್ಲನ್ನು ಒಟ್ಟಿಗೆ ಸಾಲಾಗಿ ಚಾರ್ಜ್ ಮಾಡುವ ಚಾರ್ಜರ್. ನಾಲ್ಕು ಮನೆ ಇದ್ದರೂ ದೀಪ ಎರಡೇ ಇದ್ದದ್ದು ಅದಕ್ಕೇ. ಎಷ್ಟು ವರ್ಷ ನೋಡಿದ್ದೇನೆ, ಒಂದು ದಿನವೂ ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ದೀಪದ ಸರಕ್ಕೆ ಬೇಕಾದದ್ದು ಮೂರು ಸೆಲ್ಲು. ಚಾರ್ಜರಿಗೆ ಬೇಕಾದದ್ದು ಎರಡು ಅಥವಾ ನಾಲ್ಕು. ಮೂರನೆಯದಕ್ಕೆ ಜೊತೆ ಬೇಕಲ್ಲ, ಅಂತ ನಾನು ಮೌಸಿನ ಸೆಲ್ಲನ್ನು ತೆಗೆದು ಹಾಕುತ್ತಿದ್ದೆ. ‘ಅದಕ್ಕೂ ಒಂದಿಷ್ಟು ಚಾರ್ಜ್ ಆಗಲಿ’ ಎಂದು ಖುಷಿಯಿಂದ. ಆ ಚಾರ್ಜರ್ ಸೆಲ್ಲು ತುಂಬಿತೇ ಎಂದು ನೋಡುವುದಿಲ್ಲ, ಏಳು ಗಂಟೆ ಎಣಿಸಿ ನಿಲ್ಲುತ್ತದೆ. 500 ಮಿಲಿ ಆಂಪಿಯರಿನಂತೆ ಏಳು ಗಂಟೆ ಅಂದರೆ 3500. ಮುಕ್ಕಾಲು ಪಾಲು ತುಂಬಿದ್ದ ಸೆಲ್ಲಿಗೆ ಇಷ್ಟು ಸುರಿದರೆ ಎಲ್ಲಿ ಹೋಗಬೇಕು? ಒಳಗೆ ಆಮ್ಲಜನಕ ಹುಟ್ಟಿ, ಶಾಖವಾಗಿ, ಒತ್ತಡ ಮಿತಿ ಮೀರಿದಾಗ ಸುರಕ್ಷಾ ರಂಧ್ರದಿಂದ ಆವಿ ಹೊರಹೋಗಿ, ಒಳಗಿನ ದ್ರವ ಒಣಗುತ್ತಾ ಬರುತ್ತದೆ. ಒಣಗಿದಷ್ಟೂ ಪ್ರತಿರೋಧ ಜಾಸ್ತಿ. ಮಧ್ಯೆ ಕರೆಂಟ್ ಹೋಗಿ ಬಂದರೆ ಇನ್ನೂ ಚೆಂದ, ಏಳು ಗಂಟೆಯ ಎಣಿಕೆ ಮತ್ತೆ ಒಂದರಿಂದ ಶುರು. ಬೆಳಗ್ಗೆ ಆ ಸೆಲ್ಲನ್ನು ತೆಗೆಯುವಾಗ ಕಾಫಿ ಲೋಟದಷ್ಟು ಬಿಸಿ ಇರುತ್ತಿದ್ದದ್ದು ನೆನಪಿದೆ. ಚೆನ್ನಾಗಿ ಚಾರ್ಜ್ ಆಗಿದೆ ಅಂದುಕೊಳ್ಳುತ್ತಿದ್ದೆ.

ಬಿಸಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಸತ್ತ ಸೆಲ್ಲನ್ನು ಅತ್ತೆ ತಾರಸಿಯಲ್ಲಿ ಸಂಡಿಗೆ ಪಕ್ಕದಲ್ಲೇ ಒಣಗಲು ಇಡುತ್ತಾರೆ. ಸಾಮಾನ್ಯ ಸೆಲ್ಲಿಗೆ ಬಿಸಿಲಿನಿಂದ ಸ್ವಲ್ಪ ಹೊತ್ತು ಜೀವ ಬರುವುದು ನಿಜ, ಬಿಸಿಗೆ ಒಳಗಿನ ಕ್ರಿಯೆ ಚುರುಕಾಗುತ್ತದೆ. ಚಾರ್ಜಿಂಗ್ ಸೆಲ್ಲಿಗೆ ಅದೇ ಬಿಸಿಲು ಸೋರಿಕೆಯನ್ನು ಚುರುಕು ಮಾಡುತ್ತದೆ. ಹೇಳಿದೆ. ಅತ್ತೆ ಈಗ ಬಿಳಿ ಸೆಲ್ಲು ಬಿಟ್ಟು ಬೇರೆಯದನ್ನು ಮಾತ್ರ ಇಡುತ್ತಾರೆ.

ಬದಲಿಸಿದ್ದು, ಬದಲಿಸದೆ ಬಿಟ್ಟದ್ದು

1ರಿಂದ 4 ಬಿಪಿ ಮೆಷಿನ್ನಿಗೆ ವಾಪಸ್ ಹೋದವು. ಈ ನಾಲ್ಕು ಒಟ್ಟಿಗೇ ಹೊರಗೆ ಬರಬೇಕು, ಒಟ್ಟಿಗೇ ಚಾರ್ಜ್ ಆಗಬೇಕು, ಒಟ್ಟಿಗೇ ವಾಪಸ್ ಹೋಗಬೇಕು. ಬೇರೆ ಎಲ್ಲಿಗೂ ಎರವಲು ಇಲ್ಲ. 5, 6 ಟಾರ್ಚಿನಲ್ಲೇ ಉಳಿದವು. ದೀಪದ ಸರವನ್ನು ಯುಎಸ್‌ಬಿಯದಕ್ಕೆ ಬದಲಿಸಿದೆ, ಮೊಬೈಲ್ ಚಾರ್ಜರಿಗೆ ಸಿಗಿಸಿದರೆ ಸಾಕು. ಮೂರರ ತಕರಾರೇ ಮುಗಿಯಿತು. 7ನೆಯದು ಮೌಸಿಗೆ ಹೋಯಿತು. 1040 ಅದಕ್ಕೆ ಧಾರಾಳ. ರೈಲಿಗೆಂದು 2000ದ್ದೇ ಎರಡು ಹೊಸದು ತಂದೆ.

ಅಂಗಡಿಯಲ್ಲಿ ಈಗ 1.5 ವೋಲ್ಟಿನ ಲಿಥಿಯಂ ಚಾರ್ಜಿಂಗ್ ಸೆಲ್ಲುಗಳೂ ಸಿಗುತ್ತವೆ, ಎಷ್ಟೋ ಮಾದರಿಗಳಿಗೆ ಮೈಮೇಲೇ ಯುಎಸ್‌ಬಿ ತೂತು. ಕೊನೆಯ ತನಕ 1.5 ಕೊಟ್ಟು ಥಟ್ಟನೆ ನಿಲ್ಲುತ್ತವೆ. ಬಿಪಿ ಮೆಷಿನ್ನಿಗೆ ಹೊಂದಬಹುದು. ಆದರೆ ನಿಕಲ್ ಚಾರ್ಜರಿಗೆ ಅಪ್ಪಿತಪ್ಪಿಯೂ ಹಾಕಬಾರದು. ಎಲ್ಲರ ಕೈ ಆಡುವ ನಮ್ಮಂಥ ಮನೆಗೆ ಅದು ಬೇಡ ಎಂದು ಬಿಟ್ಟೆ.

ಗೋಡೆ ಗಡಿಯಾರವನ್ನು ಮುಟ್ಟಲಿಲ್ಲ. ಹದಿನೈದಿಪ್ಪತ್ತು ರೂಪಾಯಿಯ ಸೆಲ್ಲು ಅದರಲ್ಲಿ ವರ್ಷಕ್ಕೂ ಮೇಲೆ ಬರುವಾಗ ಇನ್ನೂರು ಮುನ್ನೂರರ ಸೆಲ್ಲನ್ನು ಅಲ್ಲಿ ಕೂರಿಸಿ ಏನು ಲಾಭ? ನಿಲ್ಲುವ ತನಕ ಕಾಯದೆ ಬದಲಿಸಿದರೆ ಸಾಕು, ಖಾಲಿಯಾದ ಸಾಮಾನ್ಯ ಸೆಲ್ಲಿನಿಂದ ಒಳಗಿನ ದ್ರವ ಸೋರುತ್ತದೆ. ಒಮ್ಮೆ ಟಿವಿ ರಿಮೋಟಿನಲ್ಲಿ ಆಲ್ಕಲೈನ್ ಸೆಲ್ಲು ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿತ್ತು. ಅದು ಕ್ಷಾರ. ಹತ್ತಿಗೆ ನಿಂಬೆಹಣ್ಣಿನ ರಸ ಹಚ್ಚಿ ಒರೆಸಿದಾಗ ಸುಯ್ಯೆಂದು ನೊರೆ ಬಂದು ಬಿಟ್ಟುಕೊಂಡಿತು. ಚಾರ್ಜಿಂಗ್ ಸೆಲ್ಲಿನಿಂದ ಹೀಗೆ ದ್ರವ ಸೋರುವುದು ಬಹಳ ಅಪರೂಪ.

ದುಡ್ಡಿನ ಲೆಕ್ಕ ಮಾವನೇ ಹಾಕಿದರು. ಬಿಪಿ ಮೆಷಿನ್ ಒಂದಕ್ಕೇ ವರ್ಷಕ್ಕೆ ಒಂಬತ್ತು ಸಲ ನಾಲ್ಕು ಸೆಲ್ಲು, 36. ಆಲ್ಕಲೈನಿಗೆ 25 ರೂಪಾಯಿ ಹಿಡಿದರೆ 900. ಒಳ್ಳೆಯ ಆಲ್ಕಲೈನ್ ಸ್ವಲ್ಪ ಜಾಸ್ತಿಯೇ ಬಂದೀತು ಅಂತ 700 ಎಂದು ಇಳಿಸಿದರು. ಚಾರ್ಜ್ ಮಾಡುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದು ಸೆಲ್ಲಿನೊಳಗೆ ಹಿಡಿಯುವುದು 2.4 ವ್ಯಾಟ್ ಅವರ್. ಪೋಲಾಗುವುದೂ ಸೇರಿ ನಾಲ್ಕು ಎಂದುಕೊಂಡರೂ ಒಂದು ಯೂನಿಟ್ಟಿನಲ್ಲಿ 250 ಸೆಲ್ಲು ತುಂಬುತ್ತವೆ. “ನಿನ್ನ ಚಾರ್ಜರ್ ದುಡ್ಡು ಮೂರೂವರೆ ವರ್ಷಕ್ಕೆ ಹುಟ್ಟುತ್ತೆ” ಎಂದರು. ಬೆಲೆ ಗೊತ್ತಾಗಿಬಿಟ್ಟಿತ್ತು!

ಸತ್ತ 8ನ್ನು, ಸೋರುವ ನಾಲ್ಕು ಹಸಿರನ್ನು ಎರಡೂ ತುದಿಗೆ ಟೇಪ್ ಸುತ್ತಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟೆ. ಮೈಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇದೆ, ಮನೆಕಸಕ್ಕೆ ಹಾಕಬೇಡಿ ಎಂದರ್ಥ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದು. ಕೊಂಡ ಅಂಗಡಿಗೆ ಹೋಗಿ ಕೇಳಿದೆ. “ಇಲ್ಲಿ ಅದೆಲ್ಲ ತಗೊಳ್ಳಲ್ಲ ಮೇಡಂ” ಎಂದರು. ಬಾಟಲಿ ಇನ್ನೂ ಸ್ಟೋರ್ ರೂಮಿನಲ್ಲಿದೆ. ಬೆಳಗ್ಗೆ ಬರುವ ಪೌರಕಾರ್ಮಿಕರ ಗಾಡಿಗೆ ಹಾಕಲು ಮನಸ್ಸಿಲ್ಲ. ಇ-ತ್ಯಾಜ್ಯ ಸಂಗ್ರಹಿಸುವವರು ಬಡಾವಣೆಗೆ ಬಂದ ದಿನ ಕೊಡುತ್ತೇನೆ.

ಮುಂದಿನ ದಸರಾ

2025ರ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಅಷ್ಟರಲ್ಲಿ ಬಿಪಿ ಮೆಷಿನ್ನಿನ ನಾಲ್ಕೂ ಬಿಳಿ ಸೆಲ್ಲುಗಳು ಎಂಟು ಸಲ ಚಾರ್ಜ್ ಆಗಿದ್ದವು, ಒಮ್ಮೆಯೂ ನಡುವೆ ನಿಂತಿರಲಿಲ್ಲ. ಹಬ್ಬಕ್ಕೆ ಮುಂಚೆ ಮತ್ತೆ ಪರೀಕ್ಷೆಗೆ ಹಾಕಿದೆ. 1ನೆಯದು 1810 ಇದ್ದದ್ದು 1780. ಉಳಿದವೂ ಹೀಗೇ.

ರೈಲಿಗೆ ಮಾತ್ರ ಒಬ್ಬ ಕಾವಲುಗಾರ ಬೇಕಿತ್ತು. ಎದುರು ಮನೆಯ ಎರಡನೇ ಕ್ಲಾಸಿನ ಹುಡುಗನನ್ನು ಮಾವ ಸ್ಟೇಷನ್ ಮಾಸ್ಟರ್ ಮಾಡಿದರು. ಕೈಗೆ ಹಸಿರು ಬ್ಲೌಸ್ ಪೀಸಿನ ಬಾವುಟ. ರೈಲು ನಿಧಾನ ಆದ ಕೂಡಲೇ ಕೂಗಬೇಕು ಎಂದು ಆರ್ಡರ್. ಮೂರನೇ ದಿನ ಸಂಜೆ ಮನೆ ತುಂಬಾ ಜನ, ಅತ್ತೆ ಹುಸಲಿ ಹಂಚುತ್ತಿದ್ದರು.

“ತಾತಾ! ರೈಲು ಸುಸ್ತಾಯ್ತು!”

ಮಾವ ಎದ್ದು ಹೋಗಿ ಸ್ವಿಚ್ ಆರಿಸಿದರು. ಎರಡು ಸೆಲ್ಲು ತೆಗೆದು, ಕನ್ನಡಕ ಸರಿಮಾಡಿಕೊಂಡು ಮೈಮೇಲಿನ ನಂಬರ್ ಓದಿ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದರು. “ಕುಂಕುಮದ ಕೈಯಲ್ಲಿ ಯಾರೂ ಮುಟ್ಟಬೇಡಿ” ಎಂದು ಅತ್ತೆಯ ಕಡೆ ನೋಡಿ ಹೇಳಿ, ಚಾರ್ಜರಿನ ಹತ್ತಿರ ಹೋದರು.